ಪ್ರಮಾಣಪತ್ರ ಕೈಗೆ ಬಂದ ಮೇಲಿನ ತರಬೇತಿ

ಮದ್ಯ ಮತ್ತು ಮಾದಕ ದ್ರವ್ಯಗಳ ಚಟಕ್ಕೆ ಚಿಕಿತ್ಸೆ ನೀಡುವ ಕೇಂದ್ರಗಳ ಸಿಬ್ಬಂದಿಗೆ ತರಬೇತಿ ಕೊಡುವುದು ನನ್ನ ವೃತ್ತಿ. ಆಪ್ತಸಲಹೆಗಾರರು, ದಾದಿಯರು, ಸಮಾಜ ಕಾರ್ಯಕರ್ತರು, ವಾರ್ಡಿನ ಸಹಾಯಕರು, ಹಿಂದೊಮ್ಮೆ ಸ್ವತಃ ಕುಡಿತಕ್ಕೆ ಸಿಕ್ಕಿಬಿದ್ದು ಈಗ ಅದರಿಂದ ಹೊರಬಂದು ಇತರರಿಗೆ ನೆರವಾಗುತ್ತಿರುವವರು, ಹೀಗೆ ಬೇರೆ ಬೇರೆ ಹಿನ್ನೆಲೆಯವರು ನಮ್ಮ ಕಾರ್ಯಾಗಾರಗಳಿಗೆ ಬರುತ್ತಾರೆ. ಅವರನ್ನು ಕಳುಹಿಸುವ ಸಂಸ್ಥೆಗಳು ಮಾತ್ರ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತವೆ: ಎಷ್ಟು ದಿನದ ತರಬೇತಿ, ಕೊನೆಗೆ ಪ್ರಮಾಣಪತ್ರ ಸಿಗುತ್ತದೆಯೇ? ಈ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅದರ ಹಿಂದಿರುವ ನಂಬಿಕೆ, ಅಂದರೆ ಕಾರ್ಯಾಗಾರ ಮುಗಿದಲ್ಲಿಗೆ ತರಬೇತಿಯೂ ಮುಗಿಯಿತು ಎಂಬ ನಂಬಿಕೆ, ಈ ಕ್ಷೇತ್ರಕ್ಕೆ ದೊಡ್ಡ ನಷ್ಟವನ್ನು ಮಾಡುತ್ತಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದು ನನ್ನೊಬ್ಬಳ ಅನಿಸಿಕೆಯೂ ಅಲ್ಲ. ಬದಲಾಗುವ ಮನಸ್ಸನ್ನು ವ್ಯಕ್ತಿಯ ಬಾಯಿಂದಲೇ ಹೊರಡಿಸುವ ಸಂಭಾಷಣಾ ಕ್ರಮವನ್ನು ನಮ್ಮಲ್ಲಿ ಎಲ್ಲರೂ 'ಮೋಟಿವೇಷನಲ್ ಇಂಟರ್‌ವ್ಯೂಯಿಂಗ್' ಎಂದೇ ಕರೆಯುತ್ತಾರೆ. ಅದನ್ನು 1983ರಲ್ಲಿ ಮೊದಲ ಬಾರಿಗೆ ವಿವರಿಸಿ ಬರೆದ ಅಮೆರಿಕದ ಮನೋವಿಜ್ಞಾನಿ ವಿಲಿಯಂ ಮಿಲ್ಲರ್, ತಾವೇ ನಡೆಸಿದ ಕಾರ್ಯಾಗಾರದ ಫಲವನ್ನು ತಾವೇ ಪರೀಕ್ಷೆಗೊಡ್ಡಿದರು. ಅದರ ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ಭಾಗವಹಿಸಿದವರು ತಮ್ಮ ಕೌಶಲ ಬಹಳ ಹೆಚ್ಚಿದೆ ಎಂದು ಬರೆದುಕೊಟ್ಟಿದ್ದರು. ಅವರ ಸಂಭಾಷಣೆಗಳ ಧ್ವನಿಮುದ್ರಿಕೆಗಳನ್ನು ಕೇಳಿ ನೋಡಿದಾಗ ಬದಲಾವಣೆ ಅಲ್ಪವೇ ಇತ್ತು, ಅವರೆದುರು ಕುಳಿತವರ ಮಾತಿನಲ್ಲಂತೂ ವ್ಯತ್ಯಾಸವೇ ಕಾಣಲಿಲ್ಲ. ತನ್ನ ವಿಧಾನದ ಬಗ್ಗೆ ಇಂಥ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದ ಪ್ರಾಮಾಣಿಕತೆಗೆ ನನಗೆ ಗೌರವವಿದೆ. ಮಿಲ್ಲರ್ ಮತ್ತು ಅವರ ಸಹೋದ್ಯೋಗಿಗಳು ಅಲ್ಲಿಗೇ ನಿಲ್ಲದೆ, ವ್ಯಸನ ಚಿಕಿತ್ಸೆಯ 140 ವೃತ್ತಿಪರರನ್ನು ಬೇರೆ ಬೇರೆ ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ಕಾರ್ಯಾಗಾರ ಮಾತ್ರ, ಉಳಿದವರಿಗೆ ಕಾರ್ಯಾಗಾರದ ನಂತರ ಅವರ ಮುದ್ರಿಕೆಗಳ ಬಗ್ಗೆ ಲಿಖಿತ ಅಭಿಪ್ರಾಯ, ದೂರವಾಣಿಯಲ್ಲಿ ವೈಯಕ್ತಿಕ ಮಾರ್ಗದರ್ಶನ ಅಥವಾ ಎರಡನ್ನೂ ಕೊಟ್ಟು ನೋಡಿದರು. 2004ರಲ್ಲಿ ಬಂದ ಆ ಅಧ್ಯಯನದ ಪ್ರಕಾರ, ಕಾರ್ಯಾಗಾರದ ಮೇಲೆ ಈ ಹಿಂಬಾಲಿಕೆ ದೊರೆತವರಲ್ಲಿ ಕೌಶಲ ಇನ್ನಷ್ಟು ಬೆಳೆದಿತ್ತು.

ಸಂಗೀತದ ಪಾಠದಲ್ಲಿ ಶ್ರುತಿ ತಪ್ಪಿದ ಕ್ಷಣವೇ ಗುರು ಕೈಯೆತ್ತಿ ತಡೆಯುತ್ತಾರೆ. ವರ್ಷದ ಕೊನೆಗೆ ಪತ್ರ ಬರೆದು ತಿಳಿಸುವುದಿಲ್ಲ. ವ್ಯಸನ ಚಿಕಿತ್ಸೆಯ ಕೆಲಸವಾದರೋ ಮುಚ್ಚಿದ ಬಾಗಿಲ ಹಿಂದೆ, ಇಬ್ಬರ ನಡುವೆ ನಡೆಯುವಂಥದ್ದು. ಸಲಹೆಗಾರ ಏನು ಹೇಳಿದ, ಹೇಗೆ ಹೇಳಿದ, ಎಲ್ಲಿ ಅವಸರಪಟ್ಟ ಎಂಬುದು ಮೂರನೆಯವರಿಗೆ ತಿಳಿಯುವ ದಾರಿಯೇ ಇರುವುದಿಲ್ಲ. ಹೀಗಾಗಿ ಹತ್ತು ವರ್ಷದ ಅನುಭವ ಎಂದರೆ ಕೆಲವೊಮ್ಮೆ ಒಂದೇ ತಪ್ಪನ್ನು ಹತ್ತು ವರ್ಷ ಯಾರೂ ತಿದ್ದದೆ ಮುಂದುವರಿಸಿದ್ದು ಎಂದೂ ಆಗಬಹುದು.

ಆದರೂ ಕಾರ್ಯಾಗಾರದಲ್ಲಿಯೇ ಕಲಿಸಲೇಬೇಕಾದ, ನಂತರಕ್ಕೆ ಬಿಡಲು ಸಾಧ್ಯವೇ ಇಲ್ಲದ ಒಂದು ವಿಷಯವಿದೆ. ಅದು ಜೀವಾಪಾಯದ ಗುರುತುಗಳು. ಹಲವು ಪಠ್ಯಕ್ರಮಗಳು ವ್ಯಸನದ ವ್ಯಾಖ್ಯೆ, ಮಿದುಳಿನ ಡೋಪಮಿನ್, ಬದಲಾವಣೆಯ ಹಂತಗಳು ಎಂದು ಆರಂಭವಾಗುತ್ತವೆ. ನಾನು ಮೊದಲ ದಿನದ ಬೆಳಗಿನ ಹೊತ್ತನ್ನು ವಿತ್‌ಡ್ರಾವಲ್‌ಗೆ, ಅಂದರೆ ಚಟದ ವಸ್ತುವನ್ನು ನಿಲ್ಲಿಸಿದಾಗ ದೇಹದಲ್ಲಿ ಏಳುವ ತೊಂದರೆಗಳಿಗೆ, ಮೀಸಲಿಡುತ್ತೇನೆ, ಏಕೆಂದರೆ ಮೊದಲ ದಿನ ಮಾತ್ರ ಬಂದು ಹೋಗುವ ವಾರ್ಡಿನ ಸಹಾಯಕನಿಗೂ ಅದು ತಲುಪಬೇಕು. ಬಹಳ ಕಾಲ ನಿತ್ಯವೂ ಹೆಚ್ಚು ಕುಡಿಯುತ್ತಿದ್ದವರು ಒಮ್ಮೆಗೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ವಾಕರಿಕೆ, ತಳಮಳ ಶುರುವಾಗುತ್ತವೆ. ಕೊನೆಯ ಬಾರಿ ಕುಡಿದ 6 ಗಂಟೆಯಿಂದ 48 ಗಂಟೆಯೊಳಗೆ ಫಿಟ್ಸ್ ಬರುವ ಸಾಧ್ಯತೆ ಇರುತ್ತದೆ. 48ರಿಂದ 96 ಗಂಟೆಗಳ ನಡುವೆ ಕೆಲವರಲ್ಲಿ ಡೆಲಿರಿಯಂ ಟ್ರೆಮೆನ್ಸ್ ಎಂಬ ಸನ್ನಿ ಕಾಣಿಸಿಕೊಳ್ಳುತ್ತದೆ. ಇಲ್ಲದ್ದು ಕಾಣುವುದು, ಸ್ಥಳ ಮತ್ತು ಹೊತ್ತಿನ ಪರಿವೆ ತಪ್ಪುವುದು, ಜ್ವರ, ಏರಿದ ನಾಡಿ ಇದರ ಲಕ್ಷಣಗಳು. ಚಿಕಿತ್ಸೆ ಸಿಗದಿದ್ದರೆ ಇದು ಪ್ರಾಣವನ್ನೇ ತೆಗೆಯಬಲ್ಲದು. ನಿದ್ರೆ ಅಥವಾ ಆತಂಕಕ್ಕೆಂದು ಬೆಂಜೋಡಯಾಜೆಪಿನ್ ಗುಂಪಿನ ಮಾತ್ರೆಗಳನ್ನು ದೀರ್ಘಕಾಲ ನುಂಗಿದವರು ಏಕಾಏಕಿ ನಿಲ್ಲಿಸಿದರೂ ಇಂಥದ್ದೇ ಅಪಾಯವಿದೆ. ಅದೇ ಹೆರಾಯಿನ್‌ನಂಥ ಅಫೀಮು ಜಾತಿಯ ವಸ್ತುಗಳನ್ನು ಬಿಟ್ಟವರು ಮೈಕೈ ನೋವು, ವಾಂತಿ, ಭೇದಿ, ನಿದ್ರಾಹೀನತೆಗಳಿಂದ ನರಳಿ 'ಸತ್ತೇ ಹೋಗುತ್ತೇನೆ' ಎಂದು ಕೂಗಿಕೊಂಡರೂ, ನಿರ್ಜಲೀಕರಣವನ್ನು ತಡೆದರೆ ಆ ನರಳಾಟದಿಂದಲೇ ಸಾವು ಸಂಭವಿಸುವುದು ಅಪರೂಪ. ಹೆಚ್ಚು ಕೂಗುವವರಿಗಿಂತ ಸುಮ್ಮನೆ ಬೆವರುತ್ತಾ ಗೋಡೆಯ ಮೇಲೇನೋ ಹರಿದಾಡುತ್ತಿದೆ ಎಂದು ಗೊಣಗುವವರ ಕಡೆಗೆ ಮೊದಲು ಓಡಬೇಕು ಎಂಬುದು ಹೊಸಬರಿಗೆ ತಾನಾಗಿ ಹೊಳೆಯುವ ಸಂಗತಿಯಲ್ಲ.

ಕುಡಿತ ನಿಲ್ಲಿಸಿದವರ ಈ ತೊಂದರೆಗಳ ತೀವ್ರತೆಯನ್ನು ಅಳೆಯಲು 1989ರಲ್ಲಿ ಪ್ರಕಟವಾದ ಸಿ.ಐ.ಡಬ್ಲ್ಯು.ಎ.-ಎ.ಆರ್. ಎಂಬ ಮಾಪನ ಇಂದಿಗೂ ಬಳಕೆಯಲ್ಲಿದೆ. ವಾಕರಿಕೆ, ನಡುಕ, ಬೆವರು, ಆತಂಕ, ತಳಮಳ, ತಲೆನೋವು, ಸ್ಪರ್ಶ, ಶ್ರವಣ ಮತ್ತು ದೃಷ್ಟಿಯ ಭ್ರಮೆಗಳು, ಸ್ಥಳ ಹಾಗೂ ಹೊತ್ತಿನ ಅರಿವು ಎಂಬ 10 ಅಂಶಗಳಿಗೆ ಅಂಕ ಕೊಟ್ಟು ಕೂಡಿಸಬೇಕು. ಗರಿಷ್ಠ ಅಂಕ 67. ಹಾಳೆ ತುಂಬುವುದನ್ನು ಕಲಿಸುವುದು ಸುಲಭ. ಕೈಯನ್ನು ಮುಂದಕ್ಕೆ ಚಾಚಿಸಿ, ಬೆರಳುಗಳನ್ನು ಅಗಲಿಸಿ ನಡುಕವನ್ನು ನೋಡುವ ಬದಲು 'ಕೈ ನಡುಗುತ್ತಿದೆಯೇ?' ಎಂದು ಬಾಯಲ್ಲಿ ಕೇಳಿ ಅಂಕ ಬರೆಯುವ ಅಭ್ಯಾಸವನ್ನು ಬಿಡಿಸುವುದು ಕಷ್ಟ. ಇಬ್ಬರು ದಾದಿಯರನ್ನು ಒಬ್ಬನೇ ವ್ಯಕ್ತಿಯ ಮುಂದೆ ನಿಲ್ಲಿಸಿ ಪ್ರತ್ಯೇಕವಾಗಿ ಅಂಕ ಕೊಡಿಸಿ ಹೋಲಿಸಿದರೆ, ವ್ಯತ್ಯಾಸ ಕಂಡು ಅವರೇ ಬೆರಗಾಗುತ್ತಾರೆ. ಇದರ ಜೊತೆಗೆ ಥಯಮಿನ್, ಅಂದರೆ ವಿಟಮಿನ್ ಬಿ1, ಏಕೆ ಬೇಕು ಎಂಬುದನ್ನೂ ಎಲ್ಲರೂ ಅರಿತಿರಬೇಕು. ಕುಡಿತದಿಂದ ಊಟ ತಪ್ಪಿ ಈ ವಿಟಮಿನ್ ಬರಿದಾದ ದೇಹಕ್ಕೆ ಬರಿಯ ಗ್ಲೂಕೋಸ್ ಏರಿಸಿದರೆ ವೆರ್ನಿಕೆ ಎಂಬ ಮಿದುಳಿನ ತೊಂದರೆ ಬಿಗಡಾಯಿಸಬಹುದು. ನಡಿಗೆ ತಡವರಿಸುವುದು, ಕಣ್ಣಿನ ಚಲನೆ ಕೆಡುವುದು, ಗೊಂದಲ ಇವೆಲ್ಲವನ್ನೂ 'ಇನ್ನೂ ಅಮಲು ಇಳಿದಿಲ್ಲ' ಎಂದು ಭಾವಿಸಿ ಬಿಟ್ಟರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗುವ ಸಂಭವವಿದೆ. ರಾತ್ರಿ ಎರಡು ಗಂಟೆಗೆ ಇದನ್ನು ಮೊದಲು ನೋಡುವವರು ವೈದ್ಯರಲ್ಲ, ಸಹಾಯಕರು. ಅವರನ್ನು ತರಬೇತಿಯಿಂದ ಹೊರಗಿಡುವ ಸಂಸ್ಥೆಗಳ ತರ್ಕ ನನಗೆ ಇದುವರೆಗೂ ಅರ್ಥವಾಗಿಲ್ಲ.

ಇನ್ನು ಮಾತಿನ ಕೌಶಲ. ನನ್ನ ಪ್ರಕಾರ ತರಬೇತಿಯ ಬಹುಪಾಲು ಹೊತ್ತು ಇಲ್ಲಿಗೆ ಸಲ್ಲಬೇಕು. ಅಭ್ಯಾಸಕ್ಕೆಂದು ನಾನು ಬಳಸುವ ಒಂದು ಮಾತು ಹೀಗಿದೆ. ಎದುರಿಗೆ ಕುಳಿತವರು ಹೇಳುತ್ತಾರೆ: "ವಾರಕ್ಕೆ ಒಂದೆರಡು ಸಲ ಅಷ್ಟೇ ಮೇಡಂ, ಮನೆಯವಳು ಸುಮ್ನೆ ದೊಡ್ಡದು ಮಾಡ್ತಾಳೆ. ಈಗೀಗ ಮಗಳೂ ನನ್ನ ಹತ್ರ ಕೂರಲ್ಲ." ಇದಕ್ಕೆ ಒಂದೇ ವಾಕ್ಯದಲ್ಲಿ ಉತ್ತರಿಸಿ ಎಂದರೆ, ಗುಂಪಿನಲ್ಲಿ ಹೆಚ್ಚಿನವರು 'ಒಂದು ಸಲಕ್ಕೆ ಎಷ್ಟು ಕುಡೀತೀರಿ?' ಎಂಬ ಪ್ರಶ್ನೆಗೆ ಹೋಗುತ್ತಾರೆ. ಕೆಲವರು 'ಹಾಗಾದರೆ ಮನೆಯವರು ಸುಳ್ಳು ಹೇಳ್ತಾರಾ?' ಎಂದು ವಾದಕ್ಕಿಳಿಯುತ್ತಾರೆ. 'ಮಗಳು ದೂರ ಆಗ್ತಿರೋದು ನಿಮ್ಮನ್ನ ಚುಚ್ಚುತ್ತಿದೆ' ಎಂದು ಹೇಳಿ ಸುಮ್ಮನಾಗುವವರು ವಿರಳ. ಮೊದಲ ಉತ್ತರ ಮಾಹಿತಿಯನ್ನು ತರುತ್ತದೆ, ಎರಡನೆಯದು ಜಗಳವನ್ನು ತರುತ್ತದೆ, ಮೂರನೆಯದು ಮಾತ್ರ ಆ ವ್ಯಕ್ತಿ ತಾನಾಗಿ ಎತ್ತಿದ ನೋವಿನ ಎಳೆಯನ್ನು ಹಿಡಿದು ಅವರಿಂದಲೇ ಮುಂದಿನ ಮಾತನ್ನು ಹೊರಡಿಸುತ್ತದೆ. ಕುಡಿತ ಏಕೆ ಕೆಟ್ಟದ್ದು ಎಂಬುದರ ಪಟ್ಟಿಯನ್ನು ಅವರು ಮನೆಯಲ್ಲಿ ಸಾಕಷ್ಟು ಸಲ ಕೇಳಿರುತ್ತಾರೆ. ಸಲಹೆಗಾರ ಅದನ್ನೇ ಓದಿದರೆ, ಕುಡಿತದ ಪರವಾಗಿ ವಾದಿಸುವ ಪಾತ್ರ ಮಾತ್ರ ಅವರಿಗೆ ಉಳಿಯುತ್ತದೆ.

ಇದನ್ನು ಅಳೆಯುವುದಕ್ಕೂ ಕ್ರಮಗಳಿವೆ. ಮುದ್ರಿಕೆಯ ಒಂದು ಭಾಗವನ್ನು ಕೇಳುತ್ತಾ ಸಲಹೆಗಾರನ ಪ್ರಶ್ನೆಗಳನ್ನು, ಎದುರಿನವರ ಮಾತಿನ ಭಾವವನ್ನು ಹಿಡಿದು ಹಿಂತಿರುಗಿಸಿದ ವಾಕ್ಯಗಳನ್ನು ಬೇರೆ ಬೇರೆಯಾಗಿ ಎಣಿಸಲಾಗುತ್ತದೆ. ಒಂದು ಪ್ರಶ್ನೆಗೆ ಅಂಥ ಒಂದು ವಾಕ್ಯವಾದರೂ ಇದ್ದರೆ ಸಾಧಾರಣ, ಎರಡಿದ್ದರೆ ಉತ್ತಮ ಎಂಬುದು ಈ ವಿಧಾನವನ್ನು ಕಲಿಸುವವರು ಒಪ್ಪಿರುವ ಅಳತೆ. ತಮ್ಮ ಮುದ್ರಿಕೆಯನ್ನು ತಾವೇ ಎಣಿಸಿ ನೋಡಿದ ಬಹುತೇಕರಿಗೆ ಪ್ರಶ್ನೆಗಳೇ ಮೇಲುಗೈ ಪಡೆದಿರುವುದು ಕಾಣುತ್ತದೆ. ಯಾರೂ ಬೈಯಬೇಕಾಗಿಲ್ಲ, ಸಂಖ್ಯೆಯೇ ಸಾಕು. ಧ್ವನಿಮುದ್ರಣಕ್ಕೆ ಮುನ್ನ ಎದುರಿನವರ ಲಿಖಿತ ಒಪ್ಪಿಗೆ ಪಡೆಯಬೇಕು, ಕೇಳಿ ಮುಗಿದ ಮೇಲೆ ಅಳಿಸಬೇಕು, ಒಪ್ಪದವರ ಚಿಕಿತ್ಸೆಯಲ್ಲಿ ಕಿಂಚಿತ್ತೂ ವ್ಯತ್ಯಾಸವಾಗಬಾರದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ, ಆದರೂ ನಾನು ಪ್ರತಿ ಬಾರಿಯೂ ಹೇಳುತ್ತೇನೆ.

ಹೀಗೆ ವಾದವಿಲ್ಲದೆ ಮಾತಾಡುವ ಕ್ರಮಕ್ಕೆ ಎದುರಾಗುವ ಆಕ್ಷೇಪಣೆ ಹಳೆಯದು: ಮೃದುವಾಗಿ ಮಾತಾಡಿದರೆ ಇಂಥವರು ಬಗ್ಗುವುದಿಲ್ಲ, ಮುಖಕ್ಕೆ ಹೊಡೆದಂತೆ ಹೇಳಬೇಕು. ಈ ನಂಬಿಕೆಗೆ ದೊಡ್ಡ ಚರಿತ್ರೆಯೇ ಇದೆ. 1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಸಿನಾನನ್ ಎಂಬ ಸಮುದಾಯದಲ್ಲಿ, ಗುಂಪಿನ ನಡುವೆ ಒಬ್ಬರನ್ನು ಕೂರಿಸಿ ಎಲ್ಲರೂ ಸೇರಿ ಹೀಯಾಳಿಸುವುದೇ ಚಿಕಿತ್ಸೆಯ ಮುಖ್ಯ ಅಂಗವಾಗಿತ್ತು. ಅದರ ಛಾಯೆ ಆಮೇಲೆ ಅನೇಕ ಪುನರ್ವಸತಿ ಕೇಂದ್ರಗಳ ಮೇಲೆ ಬಿದ್ದಿತು. ಸಿನಾನನ್ ಮಾತ್ರ ಹಿಂಸೆ ಮತ್ತು ಮೊಕದ್ದಮೆಗಳಲ್ಲಿ ಸಿಲುಕಿ ಕೊನೆಗೊಂಡಿತು. ಮಿಲ್ಲರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕಿತ್ಸಕ ಎಷ್ಟು ಹೆಚ್ಚು ಮುಖಾಮುಖಿ ವಾದಕ್ಕೆ ನಿಂತಿದ್ದನೋ ಒಂದು ವರ್ಷದ ನಂತರ ಚಿಕಿತ್ಸೆ ಪಡೆದ ವ್ಯಕ್ತಿ ಅಷ್ಟೇ ಹೆಚ್ಚು ಕುಡಿಯುತ್ತಿದ್ದುದು ಕಂಡುಬಂತು. ಇನ್ನೂ ಯೋಚಿಸುವಂತೆ ಮಾಡಿದ್ದು 1997ರಲ್ಲಿ ಫಲಿತಾಂಶ ಹೊರಬಂದ ಪ್ರಾಜೆಕ್ಟ್ ಮ್ಯಾಚ್. 1,726 ಮಂದಿಯ ಮೇಲೆ ಮೂರು ವಿಭಿನ್ನ ಚಿಕಿತ್ಸಾ ಕ್ರಮಗಳನ್ನು ಹೋಲಿಸಿದ ಆ ದೊಡ್ಡ ಪ್ರಯೋಗದಲ್ಲಿ ಮೂರೂ ಸರಿಸುಮಾರು ಒಂದೇ ಮಟ್ಟದ ಫಲ ಕೊಟ್ಟವು. ಯಾವ ವಿಧಾನ ಶ್ರೇಷ್ಠ ಎಂದು ತರಬೇತುದಾರರು ಕಚ್ಚಾಡುವುದಕ್ಕಿಂತ, ಕೈಗೆತ್ತಿಕೊಂಡ ವಿಧಾನವನ್ನು ಸಲಹೆಗಾರ ಎಷ್ಟು ಚೆನ್ನಾಗಿ ನಡೆಸುತ್ತಿದ್ದಾನೆ ಎಂದು ನೋಡುವುದರಲ್ಲಿ ಹೆಚ್ಚು ಪ್ರಯೋಜನವಿದೆ ಎಂದು ನಾನು ಅದರಿಂದ ತಿಳಿದುಕೊಂಡೆ.

ಔಷಧಗಳ ಪಾಠ ವೈದ್ಯರಿಗೆ ಮಾತ್ರ ಸಾಕು ಎಂದು ಹಲವರು ಭಾವಿಸುತ್ತಾರೆ. ಆದರೆ ಔಷಧದ ಬಗ್ಗೆ ಮನೆಯವರ ಪ್ರಶ್ನೆಗಳು ಮೊದಲು ಬಂದು ಬೀಳುವುದು ಸಲಹೆಗಾರರ ಮೇಜಿನ ಮೇಲೆ. ಅದರಲ್ಲಿ ಅತ್ಯಂತ ಅಪಾಯಕಾರಿಯಾದದ್ದು, 'ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ ಕೊಡುವ ಮಾತ್ರೆ ಇದೆಯಂತಲ್ಲ?' ಎಂಬುದು. 1948ರಲ್ಲಿ ಡೆನ್ಮಾರ್ಕಿನ ಹಾಲ್ಡ್ ಮತ್ತು ಜೇಕಬ್ಸನ್ ಬೆಳಕಿಗೆ ತಂದ ಡೈಸಲ್ಫಿರಾಂ ಬಗ್ಗೆ ಈ ಮಾತು. ಅದನ್ನು ತೆಗೆದುಕೊಂಡವರು ಕುಡಿದರೆ ದೇಹದಲ್ಲಿ ಅಸೆಟಾಲ್ಡಿಹೈಡ್ ಎಂಬ ವಿಷವಸ್ತು ಶೇಖರವಾಗಿ ಮುಖ ಕೆಂಪೇರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ, ರಕ್ತದೊತ್ತಡ ಕುಸಿಯಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಪ್ರತಿಕ್ರಿಯೆ ಬರಬಹುದು. ಒಪ್ಪಿ, ಅರಿತು ತೆಗೆದುಕೊಳ್ಳುವವರಿಗೆ ಇದು ಒಂದು ಕಾವಲು. ಅರಿವಿಲ್ಲದೆ ನುಂಗಿ ಎಂದಿನಂತೆ ಕುಡಿಯುವವರ ಹೃದಯ ದುರ್ಬಲವಾಗಿದ್ದರೆ ಅದು ಸಾವಿಗೂ ಕಾರಣವಾದೀತು. ಇಲ್ಲ ಎಂದು ಹೇಳಿ ಕಳುಹಿಸಿದರೆ ಸಾಲದು, ಏಕೆ ಇಲ್ಲ ಎಂಬುದನ್ನು ಬಳಲಿ ಬೆಂಡಾದ ಕುಟುಂಬಕ್ಕೆ ಸಿಟ್ಟು ತರದಂತೆ ವಿವರಿಸಬೇಕು. ಇದನ್ನು ಪಾತ್ರಾಭಿನಯದ ಮೂಲಕ ಅಭ್ಯಾಸ ಮಾಡಿಸದೆ ನಾನು ಯಾರನ್ನೂ ಬಿಡುವುದಿಲ್ಲ.

ಹೆರಾಯಿನ್‌ನಂಥ ವಸ್ತುಗಳ ಚಟಕ್ಕೆ ಬದಲಿಯಾಗಿ ಕೊಡುವ, ತಾವೂ ಅಫೀಮು ಜಾತಿಯವೇ ಆದ ಮೆಥಡೋನ್ ಮತ್ತು ಬುಪ್ರೆನಾರ್ಫಿನ್ ಔಷಧಗಳ ವಿಷಯದಲ್ಲಿ ತೊಡಕು ಇರುವುದು ಸಿಬ್ಬಂದಿಯ ಮನಸ್ಸಿನಲ್ಲಿಯೇ. 'ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದ ಹಾಗೆ ಆಗಲಿಲ್ಲವೇ?' ಎಂದು ಅನುಭವಸ್ಥರೇ ಕೇಳುತ್ತಾರೆ. ನ್ಯೂಯಾರ್ಕಿನಲ್ಲಿ ವೈದ್ಯರಾದ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ 1965ರಲ್ಲಿ ಮೆಥಡೋನ್ ಚಿಕಿತ್ಸೆಯ ಮೊದಲ ವರದಿಯನ್ನು ಪ್ರಕಟಿಸಿದ ಕಾಲದಿಂದಲೂ ಈ ಪ್ರಶ್ನೆ ಇದೆ. ನಿಧಾನವಾಗಿ, ದೀರ್ಘಕಾಲ ಕೆಲಸ ಮಾಡುವ ಈ ಔಷಧಗಳು ತುಡಿತವನ್ನೂ ವಿತ್‌ಡ್ರಾವಲ್ ಸಂಕಟವನ್ನೂ ತಡೆದು, ದಿನಕ್ಕೆ ಹಲವು ಬಾರಿ ಅಮಲು ಮತ್ತು ಸಂಕಟದ ನಡುವೆ ತೂಗಾಡುವುದರಿಂದ ವ್ಯಕ್ತಿಯನ್ನು ಬಿಡಿಸಿ ಕೆಲಸಕ್ಕೆ, ಸಂಸಾರಕ್ಕೆ ಹಿಂತಿರುಗಲು ಅವಕಾಶ ಕೊಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಇವೆರಡನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆದರೂ ಈ ಔಷಧ ತೆಗೆದುಕೊಳ್ಳುವವರನ್ನು 'ಇನ್ನೂ ಪೂರ್ತಿ ಬಿಟ್ಟಿಲ್ಲ' ಎಂದು ಗುಂಪು ಸಭೆಯಲ್ಲಿ ಕುಗ್ಗಿಸುವ ಸಲಹೆಗಾರರಿದ್ದಾರೆ, ಆ ಕುಗ್ಗಿಸುವಿಕೆಯಿಂದಲೇ ಔಷಧ ನಿಲ್ಲಿಸಿ ಹಳೆಯ ದಾರಿ ಹಿಡಿದವರೂ ಇದ್ದಾರೆ.

ಹಳೆಯ ದಾರಿ ಹಿಡಿಯುವುದರ ಅಪಾಯವನ್ನು ಇನ್ನೂ ಸ್ಪಷ್ಟವಾಗಿ ಹೇಳಬೇಕು. ಕೆಲವು ವಾರ ಅಫೀಮು ಜಾತಿಯ ವಸ್ತುಗಳಿಂದ ದೂರವಿದ್ದ ದೇಹದಲ್ಲಿ ಅದನ್ನು ತಾಳುವ ಶಕ್ತಿ ಇಳಿದಿರುತ್ತದೆ. ಬಿಡುವ ಮುನ್ನ ಮಾಮೂಲಾಗಿದ್ದ ಪ್ರಮಾಣವೇ ಈಗ ಉಸಿರು ನಿಲ್ಲಿಸಬಹುದು. ಆದ್ದರಿಂದ ಚಿಕಿತ್ಸೆ ಮುಗಿಸಿ ಮನೆಗೆ ಹೊರಟ ದಿನ, ಜೈಲಿನಿಂದ ಬಿಡುಗಡೆಯಾದ ವಾರ ಅತ್ಯಂತ ಅಪಾಯದ ಹೊತ್ತು. ಬೀಳ್ಕೊಡುವಾಗ ಹೂವು ಕೊಟ್ಟು ಶುಭ ಹಾರೈಸುವುದರ ಜೊತೆಗೆ ಈ ಮಾತನ್ನು ನೇರವಾಗಿ ಹೇಳಬೇಕು, ಅಫೀಮು ಜಾತಿಯ ವಸ್ತು ಮಿತಿಮೀರಿ ಉಸಿರು ನಿಲ್ಲುವುದನ್ನು ತಡೆಯುವ ನಾಲಾಕ್ಸೋನ್ ಎಂಬ ಔಷಧವನ್ನು ಬಳಸುವುದನ್ನು ಮನೆಯವರಿಗೆ ಕಲಿಸಬೇಕು. ಉಸಿರು ನಿಧಾನವಾಗುವುದು, ತುಟಿ ನೀಲಿಗಟ್ಟುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದು ಎಂಬ ಮೂರು ಗುರುತುಗಳನ್ನು ಯಾರಾದರೂ ಕಲಿಯಬಲ್ಲರು. ನಾಲಾಕ್ಸೋನ್‌ನ ಪರಿಣಾಮ ಒಂದು, ಒಂದೂವರೆ ಗಂಟೆಯೊಳಗೆ ಇಳಿದುಹೋಗುವುದರಿಂದ ವ್ಯಕ್ತಿ ಎದ್ದು ಕುಳಿತರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು ಎಂಬುದನ್ನೂ ಸೇರಿಸಬೇಕು. ಹೀಗೆ ಹೇಳಿದರೆ ಮತ್ತೆ ಶುರು ಮಾಡಲು ನಾವೇ ಅನುಮತಿ ಕೊಟ್ಟಂತಾಗುವುದಿಲ್ಲವೇ ಎಂಬ ಅಳುಕು ಸಿಬ್ಬಂದಿಯಲ್ಲಿ ಬಹಳ. ಅಂಥವರಿಗೆ ಮನೋವಿಜ್ಞಾನಿ ಅಲನ್ ಮಾರ್ಲಾಟ್ 1980ರ ದಶಕದಲ್ಲಿ ವಿವರಿಸಿದ ಸಂಗತಿ ನೆರವಾಗುತ್ತದೆ: ಒಂದು ಸಲ ಎಡವಿದ್ದನ್ನು 'ಎಲ್ಲ ಮುಗಿಯಿತು, ನನ್ನಿಂದಾಗದು' ಎಂದು ಓದಿಕೊಂಡಾಗಲೇ ಆ ಎಡವಿಕೆ ಪೂರ್ಣ ಮರುಕಳಿಕೆಯಾಗಿ ಬೆಳೆಯುತ್ತದೆ. ಎಡವಿದ ಮರುದಿನ ಕೇಂದ್ರಕ್ಕೆ ಫೋನ್ ಮಾಡಲು ನಾಚದಂತಹ ಸಂಬಂಧವನ್ನು ಕಟ್ಟಿರಬೇಕಾದದ್ದು ಮೊದಲೇ.

ಸ್ವತಃ ವ್ಯಸನದಿಂದ ಹೊರಬಂದ ಕಾರ್ಯಕರ್ತರ ಬಗ್ಗೆ ಎರಡು ಮಾತು. 1935ರಲ್ಲಿ ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್ ಅಮೆರಿಕದ ಅಕ್ರನ್ ನಗರದಲ್ಲಿ ಭೇಟಿಯಾಗಿ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ಗೆ ನಾಂದಿ ಹಾಡಿದ್ದೇ ಒಬ್ಬ ಕುಡುಕನ ಮಾತು ಇನ್ನೊಬ್ಬ ಕುಡುಕನಿಗೆ ತಟ್ಟುತ್ತದೆ ಎಂಬ ಅರಿವಿನಿಂದ. ಆ ಅರಿವಿನ ಬೆಲೆ ಇಂದಿಗೂ ಕಡಿಮೆಯಾಗಿಲ್ಲ. ಪದವಿ ಪಡೆದವರಿಗೆ ತೆರೆಯದ ಬಾಯಿ ಇವರ ಮುಂದೆ ತೆರೆಯುತ್ತದೆ. ಆದರೆ 'ನಾನು ಹೀಗೆ ಬಿಟ್ಟೆ, ನೀನೂ ಹೀಗೇ ಬಿಡಬೇಕು' ಎಂಬ ಹಾದಿಗೆ ಬೀಳುವ ಅಪಾಯವೂ ಇವರಿಗೇ ಹೆಚ್ಚು. ತಮ್ಮ ಕಥೆಯನ್ನು ಯಾವಾಗ ಹೇಳಬೇಕು, ಯಾರ ಸಲುವಾಗಿ ಹೇಳುತ್ತಿದ್ದೇನೆ ಎಂದು ಪ್ರತಿ ಬಾರಿ ತಮ್ಮನ್ನೇ ಕೇಳಿಕೊಳ್ಳುವ ಅಭ್ಯಾಸವನ್ನು ಇವರಿಗೆ ಕಲಿಸಬೇಕು. ಅವರಿಗೆ ಸಂಬಳವನ್ನೂ ಸರಿಯಾಗಿ ಕೊಡಬೇಕು ಎಂಬುದು ತರಬೇತಿಯ ವಿಷಯವಲ್ಲವಾದರೂ ಹೇಳದೆ ಇರಲಾರೆ.

ಇವೆಲ್ಲವನ್ನೂ ಹಿಡಿದು ನಿಲ್ಲಿಸುವುದು ಮೇಲ್ವಿಚಾರಣೆ. ಆಡಳಿತಾಧಿಕಾರಿ ರಜಿಸ್ಟರ್ ಪರಿಶೀಲಿಸುವುದಕ್ಕೆ ಈ ಹೆಸರು ಸಲ್ಲದು. ಕೆಲಸದಲ್ಲಿ ತನಗಿಂತ ಪಳಗಿದ ಒಬ್ಬರೊಂದಿಗೆ ನಿಗದಿತ ಹೊತ್ತಿನಲ್ಲಿ ಕುಳಿತು, ಒಂದೆರಡು ಪ್ರಕರಣಗಳನ್ನು ಬಿಚ್ಚಿ ನೋಡುವುದು, ಮುದ್ರಿಕೆ ಕೇಳುವುದು, ಯಾವ ವ್ಯಕ್ತಿಯನ್ನು ಕಂಡರೆ ತನಗೆ ಅಸಹನೆ ಹುಟ್ಟುತ್ತದೆ ಎಂದು ಅಂಜಿಕೆಯಿಲ್ಲದೆ ಹೇಳಿಕೊಳ್ಳುವುದು, ಇವು ಅದರ ತಿರುಳು. ಆರು ತಿಂಗಳು ಚೆನ್ನಾಗಿದ್ದವರು ಒಂದು ಬೆಳಗ್ಗೆ ತೀರಿಹೋದ ಸುದ್ದಿ ಬಂದಾಗ, ಸಲಹೆಗಾರ ಅದೇ ದಿನ ಹತ್ತು ಗಂಟೆಗೆ ಮತ್ತೊಬ್ಬರ ಮುಂದೆ ಏನೂ ಆಗದವರಂತೆ ಕುಳಿತುಕೊಳ್ಳಬೇಕಾದ ವೃತ್ತಿ ಇದು. ಇಂಥ ದಿನಗಳ ಭಾರವನ್ನು ಇಳಿಸಲು ಜಾಗವಿಲ್ಲದಿದ್ದರೆ ಜನ ಕೆಲಸ ಬಿಡುತ್ತಾರೆ, ಅಥವಾ ಕೆಲಸದಲ್ಲಿಯೇ ಉಳಿದು ಎದುರಿನವರ ಮೇಲೆ ಕಟುವಾಗುತ್ತಾರೆ. ಎರಡನೆಯದು ಹೆಚ್ಚು ಕೆಡುಕು, ಏಕೆಂದರೆ ಅದು ಹಾಜರಿ ಪುಸ್ತಕದಲ್ಲಿ ಕಾಣುವುದಿಲ್ಲ. ತರಬೇತಿಗೆ ಹಣ ಕೊಡಲು ಮುಂದೆ ಬರುವ ಸಂಸ್ಥೆಗಳು, ವಾರಕ್ಕೊಂದು ಗಂಟೆ ಕೆಲಸದ ಹೊತ್ತಿನಲ್ಲಿಯೇ ಇದಕ್ಕೆ ಬಿಡುವು ಕೊಡಿ ಎಂದರೆ ಹಿಂಜರಿಯುತ್ತವೆ. ಹಣಕ್ಕಿಂತ ಹೊತ್ತು ಕೊಡುವುದು ಅವುಗಳಿಗೆ ಕಷ್ಟ.

ಆದ್ದರಿಂದ ಈಚೆಗೆ ತರಬೇತಿಗೆ ಕರೆ ಬಂದಾಗ ನಾನು ಒಂದು ಷರತ್ತನ್ನು ಮುಂದಿಡುತ್ತೇನೆ. ಕಾರ್ಯಾಗಾರದ ದಿನಗಳನ್ನು ಅರ್ಧಕ್ಕೆ ಇಳಿಸೋಣ. ಉಳಿದ ಹೊತ್ತನ್ನು ಮುಂದಿನ ಕೆಲವು ತಿಂಗಳಿಗೆ ಹಂಚಿ, ಪ್ರತಿಯೊಬ್ಬರ ಮುದ್ರಿಕೆಯನ್ನು ಅವರೊಂದಿಗೇ ಕುಳಿತು ಕೇಳೋಣ. ಆ ಅವಧಿಯಲ್ಲಿ ನಿಮ್ಮಲ್ಲೇ ಇರುವ ಒಬ್ಬಿಬ್ಬರನ್ನು, ನಾನು ಹೋದ ಮೇಲೂ ಇದನ್ನು ಮುಂದುವರಿಸುವಂತೆ ಸಿದ್ಧಪಡಿಸೋಣ. ಪ್ರಮಾಣಪತ್ರವನ್ನು ಅದಾದ ಮೇಲೆ ಕೊಡೋಣ. ಕೆಲವರು ಒಪ್ಪುತ್ತಾರೆ. ಒಪ್ಪದವರು ಕಾರ್ಯಾಗಾರದ ದಿನಗಳು ಹೆಚ್ಚಿದ್ದರೂ ಅಲ್ಲಿಗೇ ಮುಗಿಯುವ ತರಬೇತಿಯನ್ನು ಬೇರೆಡೆ ಹುಡುಕಿಕೊಳ್ಳುತ್ತಾರೆ, ಅದು ಸುಲಭವಾಗಿ ಸಿಗುತ್ತದೆ ಕೂಡ.